ಒಂದು ದಿನದ ಪೇಜ್: ಶಾಸನಸಭೆಯೊಳಗೆ ಚೀಟಿ ಒಯ್ಯುವ ಮಕ್ಕಳು

ನಮ್ಮ ಬಳಗದ ವಾಟ್ಸಾಪ್ ಗುಂಪಿಗೆ ಒಂದು ಫೋಟೊ ಬಂತು. ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ, ಅಟ್ಲಾಂಟಾದ ಹತ್ತಿರ ಇರುವ ನೆಂಟರ ಹುಡುಗಿ, ಹದಿಮೂರು ವರ್ಷ. ಕಪ್ಪು ಕೋಟು ಹಾಕಿಕೊಂಡು, ತಲೆ ನೀಟಾಗಿ ಬಾಚಿಕೊಂಡು, ದೊಡ್ಡ ಮರದ ಬಾಗಿಲ ಮುಂದೆ ನಿಂತಿದ್ದಾಳೆ. ಕೆಳಗೆ ಅವರಪ್ಪ ಬರೆದಿದ್ದರು: ‘ಇವತ್ತು ಪುಟ್ಟಿ ಜಾರ್ಜಿಯಾ ಹೌಸ್‌ನಲ್ಲಿ ಪೇಜ್ ಆಗಿದ್ದಳು.’

ಎಲ್ಲರೂ ಹೂವು, ಚಪ್ಪಾಳೆ ಕಳಿಸಿದರು. ತಿಪಟೂರಿನಲ್ಲಿರುವ ಅಜ್ಜಿ ಮಾತ್ರ ವಾಯ್ಸ್ ಮೆಸೇಜ್ ಹಾಕಿದರು. ‘ಪೇಜ್ ಅಂದ್ರೆ ಪುಟ ಅಲ್ವೇನಪ್ಪಾ? ಮಗು ಪುಟ ಹೇಗಾಗುತ್ತೆ? ಸ್ಕೂಲ್ ತಪ್ಪಿಸಿ ಅವಳನ್ನ ಯಾವ ಕೆಲಸಕ್ಕೆ ಹಾಕಿದ್ರಿ?’

ಗುಂಪಿನಲ್ಲಿ ಸುಮಾರು ಜನರಿಗೆ ಇದೇ ಪ್ರಶ್ನೆ ಇತ್ತು. ಕೇಳಿದ್ದು ಅಜ್ಜಿ ಒಬ್ಬರೇ. ಅವರಿಗೆ ಹೇಳುತ್ತಾ ಹೋದದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ಪೇಜ್ ಅಂದರೆ ಯಾರು?

ಪುಸ್ತಕದ ಪೇಜಿಗೂ ಈ ಪೇಜಿಗೂ ಸಂಬಂಧ ಇಲ್ಲ. ಹಿಂದೆ ಯುರೋಪಿನ ಅರಮನೆಗಳಲ್ಲಿ ದೊರೆ, ಸರದಾರರ ಹಿಂದೆ ಓಡಾಡಿಕೊಂಡು ಸಣ್ಣಪುಟ್ಟ ಕೆಲಸ ಮಾಡುವ ಹುಡುಗರಿರುತ್ತಿದ್ದರು. ಅವರನ್ನು ಪೇಜ್ ಎನ್ನುತ್ತಿದ್ದರು. ಆ ಹೆಸರೇ ಶಾಸನಸಭೆಗೂ ಬಂತು. ಸಭೆ ನಡೆಯುವಾಗ ಶಾಸಕರಿಗೆ ಚೀಟಿ, ಕಾಗದ ತಲುಪಿಸುವ ವಿದ್ಯಾರ್ಥಿಯೇ ಪೇಜ್.

ಅಮೆರಿಕದ ಹಲವು ರಾಜ್ಯಗಳ ಶಾಸನಸಭೆಗಳಲ್ಲಿ ಈ ಪದ್ಧತಿ ಇದೆ. ಎಲ್ಲ ಕಡೆ ಒಂದೇ ಥರ ಇಲ್ಲ. ವಾಷಿಂಗ್ಟನ್ ರಾಜ್ಯದಲ್ಲಿ ಮಕ್ಕಳು ಒಂದು ವಾರ ಇರುತ್ತಾರೆ, ಜೊತೆಗೆ ಪಾಠವೂ ನಡೆಯುತ್ತದೆ. ವರ್ಜೀನಿಯಾದಲ್ಲಿ ಅಧಿವೇಶನ ಮುಗಿಯುವವರೆಗೂ ಪೇಜ್ ಆಗಿರುತ್ತಾರೆ. ಜಾರ್ಜಿಯಾದಲ್ಲಿ ಒಂದೇ ದಿನ. ನಮ್ಮ ಹುಡುಗಿ ಹೋಗಿದ್ದು ಜಾರ್ಜಿಯಾಕ್ಕೆ, ಹಾಗಾಗಿ ಅಲ್ಲಿಯ ಕತೆಯನ್ನೇ ಹಿಡಿದುಕೊಳ್ಳೋಣ.

ಮೊದಲು ಆ ಸಭೆ ಎಂಥದ್ದು ನೋಡೋಣ

ಅಮೆರಿಕದ 50 ರಾಜ್ಯಗಳಿಗೂ ಅವುಗಳದ್ದೇ ಶಾಸನಸಭೆ ಇದೆ. ಶಾಲೆ, ರಸ್ತೆ, ಡ್ರೈವಿಂಗ್ ಲೈಸೆನ್ಸ್, ರಾಜ್ಯದ ತೆರಿಗೆ, ಹೀಗೆ ದಿನ ಬೆಳಗಾದರೆ ಮುಟ್ಟುವ ಎಷ್ಟೋ ಕಾನೂನು ಅಲ್ಲೇ ಆಗುವುದು. ಟಿವಿಯಲ್ಲಿ ನಾವು ನೋಡುವ ಸೆನೆಟ್, ಕಾಂಗ್ರೆಸ್ ಎಲ್ಲ ದೇಶದ ಮಟ್ಟದವು, ನಮ್ಮ ಸಂಸತ್ತಿನ ಹಾಗೆ. ರಾಜ್ಯದ್ದು ನಮ್ಮ ವಿಧಾನಮಂಡಲದ ಹಾಗೆ.

ಜಾರ್ಜಿಯಾದಲ್ಲೂ ನಮ್ಮಂತೆ ಎರಡು ಮನೆ. ಕೆಳಮನೆಗೆ ಹೌಸ್ ಅಂತಾರೆ, 180 ಸದಸ್ಯರು. ಮೇಲ್ಮನೆ ಸೆನೆಟ್, 56 ಸದಸ್ಯರು. ಎರಡೂ ಮನೆಯವರನ್ನು ಜನ ನೇರವಾಗಿ ಆರಿಸುತ್ತಾರೆ, ಅದೂ ಎರಡೆರಡು ವರ್ಷಕ್ಕೊಮ್ಮೆ.

ಇಲ್ಲಿ ಒಂದು ಲೆಕ್ಕ ಗಮನಿಸಿ. 2020ರ ಜನಗಣತಿಯಲ್ಲಿ ಜಾರ್ಜಿಯಾದ ಜನಸಂಖ್ಯೆ 1 ಕೋಟಿ 7 ಲಕ್ಷ. ಅದನ್ನು 180ಕ್ಕೆ ಹಂಚಿದರೆ ಕೆಳಮನೆಯ ಒಬ್ಬ ಸದಸ್ಯರಿಗೆ ಸುಮಾರು 60 ಸಾವಿರ ಜನ. ಕರ್ನಾಟಕದಲ್ಲಿ 2011ರ ಗಣತಿ ಹಿಡಿದರೂ ಒಬ್ಬ ಎಮ್ಮೆಲ್ಲೆಗೆ ಸುಮಾರು 2 ಲಕ್ಷ 70 ಸಾವಿರ ಜನ ಬರುತ್ತಾರೆ. ಅಂದರೆ ಅಲ್ಲಿ ಕ್ಷೇತ್ರ ಚಿಕ್ಕದು. ನಮ್ಮ ಮಗುವನ್ನು ಒಂದು ದಿನ ಪೇಜ್ ಆಗಿ ಕರೆಸಿಕೊಳ್ಳಿ ಅಂತ ಒಬ್ಬ ತಾಯಿ ಶಾಸಕರಿಗೆ ಈಮೇಲ್ ಬರೆಯುವುದು ಅಲ್ಲಿ ಸಹಜ ಅನ್ನಿಸುವುದಕ್ಕೆ ಇದೂ ಒಂದು ಕಾರಣ ಇರಬೇಕು.

ಇನ್ನೊಂದು ವಿಶೇಷ. ಜಾರ್ಜಿಯಾದ ಶಾಸನಸಭೆ ವರ್ಷಪೂರ್ತಿ ನಡೆಯುವುದಿಲ್ಲ. ಜನವರಿಯ ಎರಡನೇ ಸೋಮವಾರ ಶುರು, ಒಟ್ಟು 40 ದಿನ ಮೀರುವಂತಿಲ್ಲ ಅಂತ ರಾಜ್ಯದ ಸಂವಿಧಾನವೇ ಹೇಳುತ್ತದೆ. ಈ 40 ದಿನ ಕ್ಯಾಲೆಂಡರಿನ ದಿನ ಅಲ್ಲ, ಸಭೆ ಸೇರಿದ ದಿನಗಳ ಲೆಕ್ಕ. ನಡುವೆ ಬಿಡುವು ತೆಗೆದುಕೊಳ್ಳುತ್ತಾರೆ. ಹಾಗಾಗಿ ಮುಗಿಯುವ ಹೊತ್ತಿಗೆ ಮಾರ್ಚ್ ಕೊನೆಯೋ ಏಪ್ರಿಲ್ ಮೊದಲೋ ಆಗಿರುತ್ತದೆ. ಉಳಿದ ತಿಂಗಳುಗಳಲ್ಲಿ ಈ ಸದಸ್ಯರಲ್ಲಿ ಎಷ್ಟೋ ಜನ ತಮ್ಮ ವಕೀಲಿಕೆ, ವ್ಯಾಪಾರ, ಬೇಸಾಯ ನೋಡಿಕೊಳ್ಳುತ್ತಾರೆ. ಪೇಜ್ ಆಗುವ ಅವಕಾಶವೂ ಈ ಕೆಲವೇ ವಾರಗಳಲ್ಲಿ ಮಾತ್ರ.

ಹಗ್ಗದ ಆಚೆ, ಹಗ್ಗದ ಈಚೆ

ಈಗ ಮುಖ್ಯ ವಿಷಯಕ್ಕೆ ಬರೋಣ. ಪೇಜ್ ನಿಜವಾಗಿ ಮಾಡುವ ಕೆಲಸ ಏನು?

ಅಟ್ಲಾಂಟಾ ನಗರದ ನಡುವೆ ಚಿನ್ನದ ಗುಮ್ಮಟದ ಕಟ್ಟಡ ಇದೆ. ಅದೇ ಕ್ಯಾಪಿಟಲ್, ಜಾರ್ಜಿಯಾದ ವಿಧಾನಸೌಧ ಅನ್ನಿ. 1889ರಲ್ಲಿ ಕಟ್ಟಿ ಮುಗಿಸಿದ್ದು. ಗುಮ್ಮಟಕ್ಕೆ ಹಚ್ಚಿರುವುದು ಬಣ್ಣ ಅಲ್ಲ, ನಿಜವಾದ ಬಂಗಾರದ ತಗಡು. ಅದೇ ರಾಜ್ಯದ ಡಲೋನೆಗಾ ಎಂಬ ಊರಿನ ಗಣಿ ಪ್ರದೇಶದ ಜನ 1958ರಲ್ಲಿ 43 ಔನ್ಸ್ ಚಿನ್ನ ಕೊಟ್ಟರು. ಅದನ್ನು ಬಂಡಿಗಳಲ್ಲಿ ಮೆರವಣಿಗೆ ಮಾಡಿಕೊಂಡು ತಂದರು. ನಮ್ಮ ಕೋಲಾರದವರಿಗೆ ಈ ಕತೆ ಹಿಡಿಸೀತು.

ಆ ಕಟ್ಟಡದ ಮೂರನೇ ಮಹಡಿಯಲ್ಲಿ ಒಂದು ಕಡೆ ಹೌಸ್, ಇನ್ನೊಂದು ಕಡೆ ಸೆನೆಟ್. ಸಭೆ ಶುರುವಾದ ಮೇಲೆ ಹೊರಗಿನವರು ಒಳಗೆ ಹೋಗುವಂತಿಲ್ಲ. ಬಾಗಿಲ ಹೊರಗಿನ ಹಜಾರದಲ್ಲಿ ಹಗ್ಗ ಕಟ್ಟಿರುತ್ತಾರೆ. ಚಿತ್ರಮಂದಿರ, ಬ್ಯಾಂಕುಗಳಲ್ಲಿ ಕ್ಯೂ ನಿಲ್ಲಿಸಲು ಕಂಬಕ್ಕೆ ಸಿಕ್ಕಿಸುತ್ತಾರಲ್ಲ, ಆ ಥರದ ಹಗ್ಗ.

ಹಗ್ಗದ ಆಚೆ ಜನ ಕಿಕ್ಕಿರಿದು ನಿಂತಿರುತ್ತಾರೆ. ಅವರಲ್ಲಿ ಜಾಸ್ತಿ ಜನ ಲಾಬಿಯಿಸ್ಟರು. ಅಂದರೆ ಒಂದು ಕಂಪನಿ, ಸಂಘ, ಊರು ಅಥವಾ ವೃತ್ತಿಯವರ ಪರವಾಗಿ ಶಾಸಕರನ್ನು ಕಂಡು, ‘ಈ ಬಿಲ್ಲಿಗೆ ಒಪ್ಪಿಗೆ ಕೊಡಿ, ಆ ಬಿಲ್ ಬೇಡ’ ಎಂದು ಹೇಳುವುದನ್ನೇ ಕೆಲಸ ಮಾಡಿಕೊಂಡವರು. ಇದು ಕದ್ದುಮುಚ್ಚಿ ಮಾಡುವ ಕೆಲಸ ಅಲ್ಲ. ಹೆಸರು ನೋಂದಾಯಿಸಿಕೊಂಡು, ಗುರುತಿನ ಬಿಲ್ಲೆ ಹಾಕಿಕೊಂಡು ಬರಬೇಕು. ಇವರ ಜೊತೆಗೆ ಸಾಮಾನ್ಯ ಜನರೂ ಇರುತ್ತಾರೆ. ತಮ್ಮ ಶಾಲೆಯ ಅನುದಾನಕ್ಕಾಗಿ ಬಂದ ಟೀಚರ್ ಇರಬಹುದು, ಮಗುವಿನ ಕಾಯಿಲೆಗೆ ಸಂಬಂಧಿಸಿದ ಬಿಲ್ಲಿಗಾಗಿ ಬಂದ ತಂದೆ ಇರಬಹುದು.

ಒಳಗಿರುವ ಶಾಸಕರನ್ನು ಇವರು ಕರೆಯುವುದು ಹೇಗೆ? ಕೂಗುವ ಹಾಗಿಲ್ಲ. ಒಳಗೆ ನುಗ್ಗುವ ಹಾಗಿಲ್ಲ. ಒಂದು ಚೀಟಿ ಬರೆಯುತ್ತಾರೆ. ಯಾರಿಗೆ, ಯಾರಿಂದ, ಯಾವ ವಿಷಯ, ‘ದಯವಿಟ್ಟು ಹೊರಗೆ ಬಂದು ಎರಡು ನಿಮಿಷ ಮಾತನಾಡಿ’. ಮಡಚಿ ಕೊಡುತ್ತಾರೆ.

ಆ ಚೀಟಿಯನ್ನು ಹಿಡಿದು ಒಳಗೆ ಹೋಗುವವರೇ ಪೇಜ್.

ಮದುವೆ ಮನೆ ನೆನಪಿಸಿಕೊಳ್ಳಿ. ಮಂಟಪದಲ್ಲಿ ಶಾಸ್ತ್ರ ನಡೆಯುತ್ತಿದೆ. ಅಡುಗೆಯವರು ಏನೋ ಕೇಳಬೇಕು, ಹುಡುಗಿಯ ಸೋದರಮಾವ ಮಂಟಪದ ಹತ್ತಿರ ಕೂತಿದ್ದಾರೆ. ಆಗ ಏನು ಮಾಡುತ್ತೇವೆ? ಪಕ್ಕದಲ್ಲಿ ಓಡಾಡುವ ಹುಡುಗನನ್ನು ಕರೆದು, ‘ಹೋಗಿ ಮಾವನ್ನ ಸ್ವಲ್ಪ ಕರಕೊಂಡು ಬಾ’ ಅನ್ನುತ್ತೇವೆ. ದೊಡ್ಡವರು ನಡುವೆ ಎದ್ದು ಹೋದರೆ ಎಲ್ಲರ ಕಣ್ಣು ಅತ್ತ ಹೋಗುತ್ತದೆ. ಮಗು ಸುಮ್ನೆ ಸಂದಿಯಲ್ಲಿ ನುಸುಳಿ ಹೋಗಿ ಕಿವಿಯಲ್ಲಿ ಹೇಳಿ ಬರುತ್ತದೆ. ಶಾಸ್ತ್ರ ನಿಲ್ಲುವುದಿಲ್ಲ. ಸಭೆಯಲ್ಲಿ ಪೇಜ್ ಮಾಡುವುದೂ ಇದನ್ನೇ.

ಚೀಟಿ ಕೈಗೆ ಬಂತು. ಒಳಗೆ ಸಾಲುಸಾಲು ಮೇಜು. ಯಾರಿಗೆ ಯಾವ ಜಾಗ ಅಂತ ಗೊತ್ತುಮಾಡಿರುತ್ತಾರೆ. ಹುಡುಕಿಕೊಂಡು ಹೋಗಿ, ಆ ಸದಸ್ಯರ ಕೈಗೆ ಕೊಟ್ಟು, ಬಂದ ದಾರಿಯಲ್ಲೇ ವಾಪಸ್. ಅಷ್ಟರಲ್ಲಿ ಇನ್ನೊಂದು ಚೀಟಿ ಕಾಯುತ್ತಿರುತ್ತದೆ. ಚೀಟಿ ಓದಿದ ಶಾಸಕರು ಎದ್ದು ಹೊರಗೆ ಬರಬಹುದು, ಬರದೆಯೂ ಇರಬಹುದು. ಅದು ಅವರಿಗೆ ಬಿಟ್ಟದ್ದು. ತಲುಪಿಸುವುದಷ್ಟೇ ಪೇಜ್ ಕೆಲಸ. ರಿಪಬ್ಲಿಕನ್, ಡೆಮಾಕ್ರಟ್ ಎಂಬ ಭೇದ ಇಲ್ಲ. ಕರೆಸಿಕೊಂಡ ಶಾಸಕರು ಯಾವ ಪಕ್ಷದವರಾದರೂ ಚೀಟಿ ಮಾತ್ರ ಎಲ್ಲರಿಗೂ ಹೋಗುತ್ತದೆ.

ಪೇಜ್ ಮಾತನಾಡುವಂತಿಲ್ಲ, ಓಟು ಹಾಕುವಂತಿಲ್ಲ. ಆದರೆ ಹಗ್ಗ ದಾಟಿ ಒಳಗೆ ಹೋಗುವ ಹಕ್ಕು ಆ ಹೊತ್ತಿನಲ್ಲಿ ಹೊರಗೆ ನಿಂತ ದೊಡ್ಡ ದೊಡ್ಡ ಕಂಪನಿಗಳ ಪ್ರತಿನಿಧಿಗಳಿಗೂ ಇಲ್ಲ. ಏಳನೇ ಕ್ಲಾಸಿನ ಹುಡುಗಿಗೆ ಇದೆ. ನನಗೆ ಈ ಪದ್ಧತಿಯಲ್ಲಿ ತುಂಬಾ ಇಷ್ಟವಾದದ್ದು ಇದೇ.

ಮಕ್ಕಳೇ ಯಾಕೆ? ಯಾವಾಗಿನಿಂದ?

ದೇಶದ ಮಟ್ಟದ ಸೆನೆಟ್‌ನಲ್ಲಿ ಮೊದಲ ಪೇಜ್ ನೇಮಕ ಆದದ್ದು 1829ರಲ್ಲಿ. ಹುಡುಗನ ಹೆಸರು ಗ್ರಾಫ್ಟನ್ ಹ್ಯಾನ್ಸನ್. ವಯಸ್ಸು ಒಂಬತ್ತು. ನೇಮಿಸಿದ್ದು ಸೆನೆಟರ್ ಡೇನಿಯಲ್ ವೆಬ್‌ಸ್ಟರ್. ಆಗ ಕೆಲಸ ಬೇರೆ ಇತ್ತು. ಮಸಿಕುಡಿಕೆ ತುಂಬಬೇಕು, ಒಲೆಗೆ ಸೌದೆ ಹಾಕಬೇಕು, ದೀಪ ಹಚ್ಚಬೇಕು, ಕಾಗದ ಒಯ್ಯಬೇಕು. ಆ ಕಾಲಕ್ಕೆ ಅದು ಸಂಬಳದ ಚಾಕರಿಯೇ. ಅಜ್ಜಿ ‘ಯಾವ ಕೆಲಸಕ್ಕೆ ಹಾಕಿದ್ರಿ’ ಅಂತ ಕೇಳಿದ್ದು ಆ ಕಾಲಕ್ಕಾದರೆ ಸರಿಯಾಗಿಯೇ ಇರುತ್ತಿತ್ತು.

ಮುಂದೆ ನೂರಕ್ಕೂ ಹೆಚ್ಚು ವರ್ಷ ಇದು ಬಹುಮಟ್ಟಿಗೆ ಬಿಳಿಯ ಹುಡುಗರ ಪಾಲಾಗಿಯೇ ಉಳಿಯಿತು. ಹುಡುಗಿಯರಿಗೆ ಅವಕಾಶ ಇರಲಿಲ್ಲ. ಇಲ್ಲೊಂದು ಜಾರ್ಜಿಯಾ ನಂಟಿನ ಕತೆ ಇದೆ. 1939ರ ಜನವರಿ 3ರಂದು, ದೇಶದ ಕೆಳಮನೆ ಹೊಸದಾಗಿ ಸೇರಿದ ದಿನ, ಜೀನ್ ಕಾಕ್ಸ್ ಎಂಬ 13 ವರ್ಷದ ಹುಡುಗಿ ಪೇಜ್ ಆಗಿ ಓಡಾಡಿದಳು. ಜಾರ್ಜಿಯಾದಿಂದ ಆರಿಸಿ ಬಂದಿದ್ದ ಯುಜೀನ್ ಕಾಕ್ಸ್ ಅವರ ಮಗಳು. ಅವಳಿಗೆ ಸಿಕ್ಕಿದ್ದು ಆ ಒಂದು ದಿನ ಮಾತ್ರ. ಹುಡುಗಿಯರನ್ನು ನಿಯಮದ ಪ್ರಕಾರವೇ ನೇಮಿಸಿಕೊಳ್ಳಲು ಆಮೇಲೂ ಮೂವತ್ತು ವರ್ಷಕ್ಕಿಂತ ಜಾಸ್ತಿ ಕಾಯಬೇಕಾಯಿತು. ಸೆನೆಟ್‌ನಲ್ಲಿ 1971, ಕೆಳಮನೆಯಲ್ಲಿ 1973.

ಕಪ್ಪು ಜನರಿಗೆ ಸೆನೆಟ್‌ನಲ್ಲಿ ಬಾಗಿಲು ತೆರೆದದ್ದು 1965ರಲ್ಲಿ. ಆ ಹುಡುಗ ಲಾರೆನ್ಸ್ ಬ್ರ್ಯಾಡ್‌ಫರ್ಡ್. ನ್ಯೂಯಾರ್ಕಿನ ಸೆನೆಟರ್ ಜೇಕಬ್ ಜಾವಿಟ್ಸ್ ನೇಮಿಸಿದರು.

ನಮ್ಮ ಮನೆ ಹುಡುಗಿ ಆ ಬಾಗಿಲಲ್ಲಿ ನಿಂತ ಫೋಟೊ ಇವತ್ತು ಮಾಮೂಲಿ ಅನ್ನಿಸುತ್ತದೆ. ಅವಳ ಅಜ್ಜಿಯ ಬಾಲ್ಯದಲ್ಲಿ ದೇಶದ ಸೆನೆಟ್‌ನಲ್ಲಿ ಹುಡುಗಿಯೊಬ್ಬಳು ಹೀಗೆ ಪೇಜ್ ಆಗುವುದು ಆಗುವ ಮಾತೇ ಆಗಿರಲಿಲ್ಲ.

ಫೋನ್ ಇರುವಾಗ ಚೀಟಿ ಯಾಕೆ?

ಒಂದು ಮೆಸೇಜ್ ಹಾಕಿದರೆ ಆಗುವುದಿಲ್ಲವೇ? ಆಗುತ್ತದೆ. ಎಷ್ಟೋ ಜನ ಹಾಗೆಯೇ ಮಾಡುತ್ತಾರೆ ಕೂಡ. ಇದೇ ಕಾರಣಕ್ಕೆ ದೇಶದ ಕೆಳಮನೆ 2011ರಲ್ಲಿ ತನ್ನ ಪೇಜ್ ಪದ್ಧತಿಯನ್ನೇ ನಿಲ್ಲಿಸಿತು. ಸಂದೇಶ, ಕಾಗದಪತ್ರ ಎಲ್ಲ ಈಗ ಕಂಪ್ಯೂಟರ್, ಫೋನಿನಲ್ಲೇ ಹೋಗುತ್ತದೆ, ಆದರೆ ಖರ್ಚು ಮಾತ್ರ ವರ್ಷಕ್ಕೆ 50 ಲಕ್ಷ ಡಾಲರ್ ದಾಟುತ್ತಿದೆ ಅನ್ನುವುದು ಅವರು ಕೊಟ್ಟ ಕಾರಣ. ಅಲ್ಲಿ ಮಕ್ಕಳಿಗೆ ವಸತಿ, ಶಾಲೆ, ಸಂಬಳ ಎಲ್ಲ ಇತ್ತು. ಸೆನೆಟ್ ಮಾತ್ರ ತನ್ನ ಪದ್ಧತಿಯನ್ನು ಉಳಿಸಿಕೊಂಡಿದೆ.

ಜಾರ್ಜಿಯಾದಂಥ ರಾಜ್ಯಗಳ ಲೆಕ್ಕಾಚಾರ ಬೇರೆ. ಒಂದು ದಿನಕ್ಕೆ ಬಂದು ಹೋಗುವ ಮಗುವಿಗೆ ಹಾಸ್ಟೆಲ್ ಬೇಡ. ಬೆಳಿಗ್ಗೆ ಅಪ್ಪ ಅಮ್ಮ ಬಿಟ್ಟು ಹೋಗುತ್ತಾರೆ, ಮುಗಿದ ಮೇಲೆ ಕರೆದುಕೊಂಡು ಹೋಗುತ್ತಾರೆ. ಮೊದಲು ಸಭೆಗೆ ಮಕ್ಕಳ ಕೈಕಾಲು ಬೇಕಿತ್ತು. ಈಗ ಮಕ್ಕಳು ಸಭೆಯನ್ನು ನೋಡಲಿ ಎಂಬ ಕಾರಣಕ್ಕೆ ಕೆಲಸ ಉಳಿದಿದೆ. ಗ್ಯಾಲರಿಯಲ್ಲಿ ಕೂತು ಮೇಲಿನಿಂದ ನೋಡುವುದಕ್ಕೂ ಕೆಳಗೆ ಮೇಜುಗಳ ನಡುವೆ ನಡೆಯುವುದಕ್ಕೂ ತುಂಬಾ ವ್ಯತ್ಯಾಸ ಇದೆ ಅಲ್ವಾ? ಮೈಕಿನಲ್ಲಿ ಕಾವಿನಿಂದ ಮಾತನಾಡಿದ ಇಬ್ಬರು ಐದೇ ನಿಮಿಷಕ್ಕೆ ಪಕ್ಕಪಕ್ಕ ನಿಂತು ನಗುವುದು ಮೇಲಿನಿಂದ ಕಾಣುವುದು ಕಷ್ಟ.

ಒಂದು ದಿನದಲ್ಲಿ ಏನು ಕಾಣುತ್ತದೆ?

ಯಾವ ದಿನ ಹೋಗುತ್ತಾರೆ ಎಂಬುದರ ಮೇಲೆ ಇದು ನಿಂತಿದೆ. ಇದನ್ನು ತಿಳಿಯಲು ಬಿಲ್ ಸಾಗುವ ದಾರಿ ಸ್ವಲ್ಪ ಗೊತ್ತಿರಬೇಕು.

ಬಿಲ್ ಅಂದರೆ ಇನ್ನೂ ಕಾನೂನಾಗದ ಕರಡು. ನಾವು ಮಸೂದೆ ಅನ್ನುವುದು. ಒಬ್ಬ ಸದಸ್ಯರು ಅದನ್ನು ತಮ್ಮ ಮನೆಯಲ್ಲಿ ಮಂಡಿಸುತ್ತಾರೆ. ಅದು ಒಂದು ಸಮಿತಿಗೆ ಹೋಗುತ್ತದೆ. ಶಾಲೆಯದ್ದಾದರೆ ಶಿಕ್ಷಣ ಸಮಿತಿ, ಹೀಗೆ. ಎಷ್ಟೋ ಬಿಲ್‌ಗಳ ಪಯಣ ಅಲ್ಲಿಗೇ ಮುಗಿಯುತ್ತದೆ. ಉಳಿದು ಬಂದದ್ದು ಸಭೆಯ ಮುಂದೆ ಚರ್ಚೆಗೆ ಬರುತ್ತದೆ, ಓಟಿಗೆ ಬೀಳುತ್ತದೆ. ಗೆಲ್ಲಲು ಹಾಜರಿದ್ದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಸಾಲದು, ಒಟ್ಟು ಸದಸ್ಯರಲ್ಲಿ ಅರ್ಧಕ್ಕಿಂತ ಹೆಚ್ಚು ಬೇಕು. ಹೌಸ್‌ನಲ್ಲಿ 91, ಸೆನೆಟ್‌ನಲ್ಲಿ 29. ಅಂದರೆ ಅವತ್ತು ಸಭೆಗೆ ಬಾರದೆ ಮನೆಯಲ್ಲಿ ಕೂತವರೂ ಒಂದು ರೀತಿಯಲ್ಲಿ ‘ಬೇಡ’ ಅಂದ ಹಾಗೆಯೇ.

ಒಂದು ಮನೆ ಒಪ್ಪಿದ ಮೇಲೆ ಬಿಲ್ ಇನ್ನೊಂದು ಮನೆಗೆ ದಾಟಬೇಕು. ಈ ದಾಟುವಿಕೆಗೆ ಗಡುವು ಇದೆ. ಅದನ್ನು ಕ್ರಾಸ್‌ಓವರ್ ಡೇ ಅಂತಾರೆ. 40 ದಿನಗಳಲ್ಲಿ 28ನೇ ದಿನ. ಅಷ್ಟರೊಳಗೆ ದಾಟದ ಬಿಲ್ಲಿಗೆ ಆ ವರ್ಷ ದಾರಿ ಬಹುಮಟ್ಟಿಗೆ ಮುಚ್ಚಿತು ಅಂತ ಲೆಕ್ಕ. ಎರಡೂ ಮನೆ ಒಪ್ಪಿದರೆ ರಾಜ್ಯಪಾಲರ ಮೇಜಿಗೆ. ಅಮೆರಿಕದಲ್ಲಿ ರಾಜ್ಯಪಾಲರನ್ನು ಜನರೇ ಆರಿಸುತ್ತಾರೆ, ನಮ್ಮ ಮುಖ್ಯಮಂತ್ರಿಯ ಹಾಗೆ ಸರ್ಕಾರ ನಡೆಸುವವರು ಅವರೇ. ಅಧಿವೇಶನ ಮುಗಿದ ಮೇಲೆ 40 ದಿನದೊಳಗೆ ಸಹಿ ಹಾಕಬೇಕು ಅಥವಾ ತಳ್ಳಿಹಾಕಬೇಕು. ಎರಡೂ ಮಾಡದೆ ಸುಮ್ಮನಿದ್ದರೆ ಸಹಿ ಇಲ್ಲದೆಯೇ ಅದು ಕಾನೂನಾಗುತ್ತದೆ.

ಈಗ ಪೇಜ್ ವಿಷಯಕ್ಕೆ ಬನ್ನಿ. ಜನವರಿಯ ಮೊದಲ ವಾರಗಳಲ್ಲಿ ಹೋದ ಮಗುವಿಗೆ ಸಭೆ ಸ್ವಲ್ಪ ನಿಧಾನ ಅನ್ನಿಸಬಹುದು. ಬಿಲ್‌ಗಳು ಇನ್ನೂ ಸಮಿತಿಗಳಲ್ಲಿರುತ್ತವೆ. 28ನೇ ದಿನದ ಆಸುಪಾಸಿನಲ್ಲಿ ಹೋದವರಿಗೆ ಹಗ್ಗದ ಹತ್ತಿರ ಕಾಲಿಡಲು ಜಾಗ ಇರುವುದಿಲ್ಲ. ಚೀಟಿ ಮೇಲೆ ಚೀಟಿ. ನಮ್ಮ ಹುಡುಗಿ ಹೋಗಿದ್ದು ಅಂಥ ದಿನವೇ. ‘ಕಾಲು ನೋಯ್ತಿತ್ತು, ಆದ್ರೆ ಕೂತ್ಕೊಳ್ಳೋಕೆ ಮನಸ್ಸೇ ಬರ್ಲಿಲ್ಲ’ ಅಂದಳು.

ಅವಳಿಗೆ ಹಿಡಿಸಿದ್ದು ಓಟಿನ ಹಲಗೆ. ಸದಸ್ಯರು ತಮ್ಮ ಮೇಜಿನ ಮೇಲಿನ ಗುಂಡಿ ಒತ್ತುತ್ತಾರೆ. ಯಂತ್ರದ ಬೀಗ ತೆಗೆಯಲು ಸ್ಪೀಕರ್ ಹೇಳುತ್ತಿದ್ದಂತೆ ದೊಡ್ಡ ಹಲಗೆಯ ಮೇಲೆ ಹೆಸರುಗಳ ಪಕ್ಕ ಹಸಿರು, ಕೆಂಪು ದೀಪ ಒಂದೊಂದಾಗಿ ಹತ್ತಿಕೊಳ್ಳುತ್ತವೆ. ಹಸಿರು ಬೇಕು, ಕೆಂಪು ಬೇಡ. ಯಾರು ಏನು ಮಾಡಿದರು ಅನ್ನುವುದು ಎಲ್ಲರ ಕಣ್ಣ ಮುಂದೆ. ಅವಳೇ ಸ್ವಲ್ಪ ಹೊತ್ತಿನ ಹಿಂದೆ ಚೀಟಿ ಕೊಟ್ಟಿದ್ದ ಒಬ್ಬರ ಹೆಸರಿನ ಪಕ್ಕ ಯಾವ ಬಣ್ಣ ಬರುತ್ತದೆ ಅಂತ ಕಾದು ನೋಡಿದಳಂತೆ.

ಸಾಮಾನ್ಯವಾಗಿ ಸಭೆ ಬೆಳಿಗ್ಗೆ 10ರ ಹೊತ್ತಿಗೆ ಸೇರುತ್ತದೆ. ಬಿಡುವಿನಲ್ಲಿ ಕಟ್ಟಡ ನೋಡಬಹುದು. ಮೇಲಿನ ಮಹಡಿಯ ಮ್ಯೂಸಿಯಂನಲ್ಲಿ ಎರಡು ತಲೆಯ ಕರುವಿದೆ. ಮಕ್ಕಳು ಅದರ ಮುಂದೆ ಸಾಕಷ್ಟು ಹೊತ್ತು ನಿಲ್ಲುತ್ತಾರೆ. ಹೊರಗೆ ಆವರಣದಲ್ಲಿ ಒಂದು ಶಿಲ್ಪ ಇದೆ, ಅದನ್ನು ತಪ್ಪದೆ ನೋಡಬೇಕು. 1868ರಲ್ಲಿ ಜನರಿಂದ ಆರಿಸಿ ಬಂದಿದ್ದ 33 ಕಪ್ಪು ಶಾಸಕರಲ್ಲಿ ಹೆಚ್ಚಿನವರನ್ನು, ಬರೀ ಬಣ್ಣದ ಕಾರಣಕ್ಕೆ, ಇದೇ ಜಾರ್ಜಿಯಾದ ಶಾಸನಸಭೆ ಹೊರಗೆ ಹಾಕಿತ್ತು. ಅದರ ನೆನಪಿಗೆ ನಿಲ್ಲಿಸಿದ್ದು. ಅದೇ ಆವರಣದಲ್ಲಿ 2017ರಿಂದ ಮಾರ್ಟಿನ್ ಲೂಥರ್ ಕಿಂಗ್ ಅವರ ಪ್ರತಿಮೆಯೂ ಇದೆ. ಕಿಂಗ್ ಹುಟ್ಟಿ ಬೆಳೆದದ್ದು ಅಟ್ಲಾಂಟಾದಲ್ಲೇ.

ಸೇರುವುದು ಹೇಗೆ? ಸ್ಕೂಲ್ ತಪ್ಪುವುದಿಲ್ಲವೇ?

ಮಗುವಿಗೆ 12 ವರ್ಷ ತುಂಬಿರಬೇಕು. ನೀವಿರುವ ವಿಳಾಸಕ್ಕೆ ಯಾರು ಹೌಸ್ ಸದಸ್ಯರು, ಯಾರು ಸೆನೆಟರ್ ಅಂತ ಹುಡುಕಿ. ಅವರ ಕಚೇರಿಗೆ ಬರೆದು ಕೇಳಿಕೊಳ್ಳಿ. ಅವರ ಹೆಸರಿನಲ್ಲೇ ಮಗು ಪೇಜ್ ಆಗುವುದು. ಅಧಿವೇಶನ ಚಿಕ್ಕದಾದ್ದರಿಂದ ಜನವರಿಗೆ ಮುಂಚೆಯೇ ಕೇಳಿಡುವುದು ಒಳ್ಳೆಯದು. ನಮ್ಮವರಲ್ಲಿ ಎಷ್ಟೋ ಜನ ‘ನಮಗೆ ಓಟಿಲ್ಲ, ಅವರು ನಮಗೆ ಯಾಕೆ ಉತ್ತರ ಕೊಡ್ತಾರೆ’ ಅಂತ ಹಿಂಜರಿಯುತ್ತಾರೆ. ಓಟು ಇಲ್ಲದಿದ್ದರೂ ಆ ಕ್ಷೇತ್ರದಲ್ಲಿ ಮನೆ ಮಾಡಿದವರಿಗೆ ಪ್ರತಿನಿಧಿ ಅವರೇ. ಕೇಳಲು ಸಂಕೋಚ ಬೇಡ.

ಬಟ್ಟೆ ಶಿಸ್ತಾಗಿರಲಿ. ಶೂ ನಡೆಯಲು ಹಿತವಾಗಿರಲಿ, ಹೊಸ ಶೂ ಅವತ್ತೇ ಬೇಡ. ಇದು ಅನುಭವದ ಮಾತು, ಹುಡುಗಿಯ ಅಮ್ಮ ಹೇಳಿದ್ದು.

ಇನ್ನು ಹಾಜರಿ. ಜಾರ್ಜಿಯಾದ ಶಿಕ್ಷಣ ಕಾನೂನಿನಲ್ಲೇ ಇದಕ್ಕೆ ಜಾಗ ಇದೆ. ಶಾಸನಸಭೆಯಲ್ಲಿ ಪೇಜ್ ಆಗಲು ಹೋದ ಮಗುವನ್ನು ಶಾಲೆ ಅವತ್ತು ಹಾಜರು ಅಂತಲೇ ಬರೆದುಕೊಳ್ಳಬೇಕು. ರಜೆ ಅಂತಲೂ ಅಲ್ಲ, ಗೈರು ಅಂತಲೂ ಅಲ್ಲ. ಅಜ್ಜಿಗೆ ಇದನ್ನು ಹೇಳಿದಾಗ ಅರ್ಧ ಸಮಾಧಾನ ಆಯಿತು.

ನಮ್ಮಲ್ಲಿ ಇಂಥದ್ದು ಇದೆಯೇ?

ನಮ್ಮ ವಿಧಾನಸೌಧದಲ್ಲೂ ಚೀಟಿ ಓಡಾಡುತ್ತದೆ. ಪ್ರಶ್ನೋತ್ತರ ವೇಳೆಯಲ್ಲಿ ಅಧಿಕಾರಿಗಳ ಗ್ಯಾಲರಿಯಿಂದ ಮಂತ್ರಿಗಳಿಗೆ ಮಾಹಿತಿಯ ಚೀಟಿ ಹೋಗುವುದನ್ನು ಟಿವಿಯಲ್ಲಿ ನೋಡಿರುತ್ತೀರಿ. ಆದರೆ ಅದನ್ನು ಒಯ್ಯುವವರು ಸಭೆಯ ಸಿಬ್ಬಂದಿ, ವಿದ್ಯಾರ್ಥಿಗಳಲ್ಲ. ಶಾಲಾ ಮಕ್ಕಳು ಬರುವುದು ಪ್ರೇಕ್ಷಕರ ಗ್ಯಾಲರಿಗೆ. ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಚಳಿಗಾಲದ ಅಧಿವೇಶನ ನಡೆದಾಗ ಸುತ್ತಲಿನ ಊರುಗಳ ಮಕ್ಕಳು ಸಾಲಾಗಿ ಬಂದು ನೋಡಿ ಹೋಗುತ್ತಾರೆ.

ಇದಕ್ಕಿಂತ ಹತ್ತಿರದ್ದು ನಮ್ಮ ಪಂಚಾಯಿತಿಗಳಲ್ಲಿದೆ. ಮಕ್ಕಳ ಗ್ರಾಮಸಭೆ. ಅಲ್ಲಿ ಮಕ್ಕಳು ಚೀಟಿ ಒಯ್ಯುವುದಿಲ್ಲ, ತಾವೇ ಎದ್ದು ಕೇಳುತ್ತಾರೆ. ಶಾಲೆಗೆ ಕಾಂಪೌಂಡ್ ಇಲ್ಲ, ಶೌಚಾಲಯಕ್ಕೆ ನೀರಿಲ್ಲ, ಬಸ್ಸು ಹೊತ್ತಿಗೆ ಬರುವುದಿಲ್ಲ ಅಂತ. ಎರಡೂ ಬೇರೆ ಬೇರೆ. ಒಂದರಲ್ಲಿ ಮಗು ಬಾಯಿಬಿಡದೆ ದೊಡ್ಡವರ ಸಭೆಯ ನಡುವೆ ಓಡಾಡುತ್ತದೆ, ಇನ್ನೊಂದರಲ್ಲಿ ಸಭೆಯೇ ಮಕ್ಕಳದ್ದು.

ಇಷ್ಟೆಲ್ಲ ಕೇಳಿದ ಮೇಲೆ ಅಜ್ಜಿ ಮೊಮ್ಮಗಳಿಗೆ ವಿಡಿಯೊ ಕಾಲ್ ಮಾಡಿದರು. ಕೇಳಿದ್ದು ಒಂದೇ. ‘ಆ ಚೀಟಿಯಲ್ಲಿ ಏನು ಬರೆದಿತ್ತೇ?’

‘ಗೊತ್ತಿಲ್ಲ ಅಜ್ಜಿ. ಮಡಚಿತ್ತು. ಬೇರೆಯವರದ್ದು ಓದಬಾರದಲ್ವಾ?’

‘ಅವರು ಎದ್ದು ಹೊರಗೆ ಬಂದ್ರಾ?’

‘ಒಬ್ಬರು ಬಂದ್ರು. ಹಗ್ಗದ ಹತ್ರ ಒಬ್ಬ ಆಂಟಿ ಕಾಯ್ತಿದ್ರು. ತುಂಬಾ ಹೊತ್ತು ಮಾತಾಡಿದ್ರು.’